ಹೀರೆಯ ತವರು

ಹೊಳೆಯ ದಡದಲ್ಲಿ ನೀಲವ್ವತಾಯಿಯ ಆಶ್ರಮ. ಆಶ್ರಮವೆಂದರೆ ಮೂರು ಗುಡಿಸಲು, ಒಂದು ಬಾವಿ, ಅವೆಲ್ಲಕ್ಕಿಂತ ದೊಡ್ಡದೊಂದು ಹಿತ್ತಲು.

ಅಲ್ಲಿಗೆ ಕಲ್ಲಿನಾಥ ಎಂಬವನು ಬಂದ. ಪಾಳೆಯಗಾರನೊಬ್ಬನ ಉಗ್ರಾಣವನ್ನು ಹನ್ನೆರಡು ವರ್ಷ ಕಾಯ್ದವನು. ಒಡೆಯ ತೀರಿಕೊಂಡ, ಉಗ್ರಾಣ ಬೇರೆಯವರ ಪಾಲಾಯಿತು. ಸೊಂಟದಲ್ಲಿ ಬೀಗದ ಕೈ ಇಲ್ಲದೆ ನಡೆಯುವುದೇ ಅವನಿಗೆ ಮರೆತುಹೋಗಿತ್ತು. ತಾನು ಯಾರೆಂದು ತಿಳಿಯದಂತಾಗಿ ಗುರುವನ್ನು ಹುಡುಕಿಕೊಂಡು ಹೊರಟಿದ್ದ.

ನೀಲವ್ವತಾಯಿಯನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು. ಅವನು ಬಂದಾಗ ಅವ್ವ ಬದನೆ ಪಾತಿಗೆ ನೀರು ಬಿಡುತ್ತಿದ್ದರು.

"ನಿನಗೇನು ಬರುತ್ತದಪ್ಪ?"

"ಕಾಯುವುದು ಬರುತ್ತದೆ, ಅವ್ವಾ. ಬೇರೇನೂ ಬಾರದು."

"ಸಾಕು. ಹಿತ್ತಲು ಕಾಯಿ."

"ಎಷ್ಟು ದಿನ?"

"ಕಾಯುವುದು ಬರುತ್ತದೆ ಅಂದೆಯಲ್ಲ?" ಎಂದರು ಅವ್ವ, ಮತ್ತೆ ನೀರಿನ ಕಡೆ ತಿರುಗಿದರು.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅವ್ವ ಅವನ ಅಂಗೈಗೆ ನಾಲ್ಕು ಬೀಜ ಹಾಕಿದರು. ಕಪ್ಪಗೆ, ಚಪ್ಪಟೆಯಾಗಿ, ಕಿರುಬೆರಳಿನ ಉಗುರಿನಷ್ಟಿದ್ದವು.

"ಏನಿದು?"

"ಹೀರೆ."

"ಕಲ್ಲಿನ ಚೂರಿನ ಹಾಗಿದೆ. ಇದಕ್ಕೆ ಜೀವ ಇದೆಯೇ?"

"ಮಣ್ಣನ್ನು ಕೇಳು."

ಆರನೆಯ ದಿನ ಬೆಳಗ್ಗೆ ಮಣ್ಣು ಬಿರಿದಿತ್ತು. ಬಿರುಕಿನಿಂದ ಒಂದು ಮೊಳಕೆ, ಹೊರೆ ಹೊತ್ತವರಂತೆ ಬೆನ್ನು ಬಾಗಿಸಿಕೊಂಡು ಮೇಲೇಳುತ್ತಿತ್ತು. ತಲೆಯ ಮೇಲೆ ಒಡೆದ ಬೀಜದ ಸಿಪ್ಪೆ. ಬಿಸಿಲೇರುವ ಹೊತ್ತಿಗೆ ಅದು ಬೆನ್ನು ನೆಟ್ಟಗೆ ಮಾಡಿತು. ಸಿಪ್ಪೆಯನ್ನು ಕೆಡವಿತು. ಎರಡು ದಪ್ಪ ಎಲೆಗಳನ್ನು ಮೆಲ್ಲಗೆ ಅಗಲಿಸಿತು.

ಕಲ್ಲಿನಾಥ ಗಂಜಿ ಕುಡಿಯುವುದನ್ನೂ ಮರೆತು ಕುಳಿತಿದ್ದ.

ಹನ್ನೆರಡು ವರ್ಷ ರಾಶಿರಾಶಿ ಕಾಳಿನ ನಡುವೆ ಬದುಕಿದವನು ಅವನು. ಒಂದೇ ಒಂದು ಕಾಳು ಹೀಗೆ ಎದ್ದು ನಿಲ್ಲುವುದನ್ನು ಕಂಡಿರಲಿಲ್ಲ.

ಓಡಿಹೋಗಿ ಅವ್ವನನ್ನು ಕರೆದ. ಅವ್ವ ಹಿಟ್ಟಿನ ಕೈಯಲ್ಲೇ ಬಂದರು. ಮೊಳಕೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಬಹಳ ಹೊತ್ತು ಏಳಲಿಲ್ಲ.

"ಎಷ್ಟು ವರ್ಷದಿಂದ ಇದನ್ನು ನೋಡುತ್ತಿದ್ದೀರಿ, ಅವ್ವಾ?"

"ನಲವತ್ತಾಗಿರಬೇಕು."

"ಆದರೂ ಓಡಿ ಬಂದಿರಿ."

"ಏನು ಮಾಡಲಿ? ಇನ್ನೂ ಅಭ್ಯಾಸವಾಗಿಲ್ಲ."

ಬಳ್ಳಿ ಚಪ್ಪರ ಹತ್ತಿತು. ಅದರ ಸುರುಳಿ ಕುಡಿ ಬೆಳಗ್ಗೆ ಗಾಳಿಯಲ್ಲಿ ತಡಕಾಡುತ್ತಿದ್ದರೆ ಸಂಜೆಗೆ ಕೋಲನ್ನು ಮೂರು ಸುತ್ತು ಸುತ್ತಿರುತ್ತಿತ್ತು. ಕಣ್ಣಿಲ್ಲದ್ದು ಕೋಲು ಎಲ್ಲಿದೆಯೆಂದು ಹೇಗೆ ಕಂಡಿತು?

ಉಳಿದ ಹೂಗಳೆಲ್ಲ ಬೆಳಗ್ಗೆ ಅರಳಿದರೆ ಹೀರೆಯ ಹೂ ಹೊತ್ತು ಇಳಿಯುವಾಗ ಅರಳುತ್ತಿತ್ತು. ಹಳದಿ ದೀಪ ಹಚ್ಚಿದ ಹಾಗೆ, ಒಂದಾದ ಮೇಲೆ ಒಂದು.

ಆ ಹೀರೆಗೆ ಒಂದು ಗುರುತಿತ್ತು. ಕಾಯಿಯ ಪ್ರತಿ ಏಣಿನ ಮೇಲೂ ಸುಣ್ಣದಲ್ಲಿ ಎಳೆದಂತೆ ಸಣ್ಣದೊಂದು ಬಿಳಿ ಗೆರೆ. ಕಹಿ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಅವ್ವನ ಗುರು ಎಲ್ಲಿಂದಲೋ ಶಲ್ಯದ ಗಂಟಿನಲ್ಲಿ ಅದರ ಬೀಜ ತಂದಿದ್ದರಂತೆ.

ಕಾಯಿ ಬಲಿತು ಒಣಗಿತು. ಒಣಗಿದ ಹೀರೆಯನ್ನು ಅಲ್ಲಾಡಿಸಿದರೆ ಒಳಗಿನಿಂದ ಗಿಲಿಗಿಲಿ ಸದ್ದು. ಅವ್ವ ಜಗಲಿಯಲ್ಲಿ ಕುಳಿತು, ತುದಿಯನ್ನು ಮುರಿದು, ಬಂದವರ ಅಂಗೈಗೆ ಬೀಜ ಸುರಿಯುತ್ತಿದ್ದರು. ಯಾವ ಊರು ಎಂದು ಕೇಳುತ್ತಿರಲಿಲ್ಲ. ಬಟ್ಟೆ ಮಾರುವವರು, ಮೀನು ಹಿಡಿಯುವವರು, ತವರಿಗೆ ಹೊರಟ ಹೆಣ್ಣುಮಕ್ಕಳು, ಎಲ್ಲರಿಗೂ ಒಂದೇ ಹಿಡಿ.

ನೋಡುತ್ತ ನೋಡುತ್ತ ಕಲ್ಲಿನಾಥ ಹೋದ ಹಿಡಿಗಳನ್ನು ಎಣಿಸತೊಡಗಿದ.

"ಅವ್ವಾ, ಇವರೆಲ್ಲ ಇದನ್ನು ಸರಿಯಾಗಿ ಬೆಳೆಸುತ್ತಾರೆಂದು ಏನು ನಂಬಿಕೆ? ಆಡು ತಿನ್ನಬಹುದು. ಕಹಿಹೀರೆಯ ಜೊತೆ ಬೆರೆತು ಕೆಡಬಹುದು."

"ಆಗಬಹುದು."

"ಗುರುಗಳು ತಂದ ಬೀಜ. ಯಾರಾದರೂ ಕಾಯಬೇಡವೇ?"

ಅವ್ವ ಅವನ ಮುಖ ನೋಡಿದರು. "ಬರುವ ವರ್ಷ ಬೀಜದ ಕೆಲಸ ನಿನ್ನದು," ಎಂದರು.

ಮಾರನೆಯ ವರ್ಷ ಚಪ್ಪರ ಮುರಿಯುವಷ್ಟು ಕಾಯಿ ಬಿಟ್ಟಿತು. ಅರ್ಧಕ್ಕರ್ಧ ಬೀಜಕ್ಕೇ ನಿಂತವು. ಆ ವಾರ ಹೊಳೆ ದಾಟಿ ಯಾತ್ರೆಯ ಜನ ಬರುವುದಿತ್ತು. ಬಂದರೆ ಕೇಳುತ್ತಾರೆ, ಕೇಳಿದರೆ ಹೋಗುತ್ತದೆ. ಕಲ್ಲಿನಾಥ ಅವಸರ ಮಾಡಿದ. ಇನ್ನೂ ಎರಡು ಬಿಸಿಲು ಬೇಕಿದ್ದ ಬೀಜವನ್ನು ಬಾಚಿ ಗಡಿಗೆಗೆ ತುಂಬಿದ. ಬಾಯಿಗೆ ಸಗಣಿ ಮೆತ್ತಿ, ಒಳಕೋಣೆಯ ಮೂಲೆಯಲ್ಲಿ ಹೂತಿಟ್ಟ.

ಯಾತ್ರೆಯವರು ಬಂದರು.

"ಸ್ವಾಮಿ, ಒಂದೆರಡು ಹೀರೆ ಬೀಜ?" ಎಂದು ಒಬ್ಬ ಮುದುಕಿ ಸೆರಗೊಡ್ಡಿದಳು.

"ಈ ಸಲ ಬೀಜ ಆಗಿಲ್ಲ, ತಾಯಿ."

ಮುದುಕಿ ಚಪ್ಪರದಲ್ಲಿ ತೂಗುತ್ತಿದ್ದ ಖಾಲಿ ಸಿಪ್ಪೆಗಳನ್ನು ನೋಡಿದಳು. ಸೆರಗು ಕೊಡವಿ ಹೋದಳು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

ಮತ್ತೆ ಮುಂಗಾರು ಬಂತು. ಕಲ್ಲಿನಾಥ ಗಡಿಗೆ ತೆಗೆದು ಸಗಣಿ ಒಡೆದ.

ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೈ ಹಾಕಿದರೆ ಬೀಜವಲ್ಲ, ಬೂಷ್ಟು ಹಿಡಿದ ಒಂದು ಕರಿಯ ಮುದ್ದೆ.

ಬಾವಿಕಟ್ಟೆಯ ಹಿಂದೆ ಒಯ್ದು ಒಂದೊಂದಾಗಿ ಬಿಡಿಸಿದ. ಇಡೀ ಗಡಿಗೆಯಲ್ಲಿ ಗಟ್ಟಿಯಾಗಿದ್ದವು ಐದು. ಐದನ್ನೂ ಊರಿದ. ಎದ್ದದ್ದು ಒಂದು.

"ಯಾಕಪ್ಪ, ಈ ವರ್ಷ ಒಂದೇ ಬಳ್ಳಿ?" ಎಂದರು ಅವ್ವ.

"ಮಳೆ ಸರಿಯಾಗಲಿಲ್ಲ, ಅವ್ವಾ."

ಅವ್ವ ಆಕಾಶ ನೋಡಿದರು. ಮಳೆ ಆಗ ಸುರಿಯುತ್ತಲೇ ಇತ್ತು.

ಆ ಒಂದು ಬಳ್ಳಿಯೂ ಸೊರಗಿ ಸೊರಗಿ ಹಬ್ಬಿತು. ಹೀಚು ಕಚ್ಚಿದರೆ ಹಳದಿಯಾಗಿ ಉದುರುತ್ತಿತ್ತು. ಕೊನೆಗೆ ಶ್ರಾವಣ ಮುಗಿಯುವಾಗ ಒಂದು ಕಾಯಿ ನಿಂತಿತು. ಅದರ ಏಣಿನ ಮೇಲೆ ಬಿಳಿ ಗೆರೆ ಮೂಡಿದ ದಿನ ಕಲ್ಲಿನಾಥ ಚಪ್ಪರದ ಕೆಳಗೆ ಚಾಪೆ ಹಾಸಿದ. ಗಿಳಿ ಬಂದರೆ ಎದ್ದ. ಅಳಿಲು ಬಂದರೆ ಎದ್ದ. ಇದೊಂದು ಬಲಿತು ಒಣಗಿದರೆ ಸಾಕು, ಗುರುಗಳ ಬೀಜ ಉಳಿಯುತ್ತದೆ. ತನ್ನ ತಪ್ಪೂ ಮುಚ್ಚಿಹೋಗುತ್ತದೆ.

ಕಾಯಿ ಒಂದು ಗೇಣಾಗಿತ್ತು. ಒಂದು ಬೆಳಗ್ಗೆ ಇಬ್ಬರು ಹೆಂಗಸರು ಹರಿಗೋಲಿನಿಂದ ಇಳಿದು ಬಂದರು. ಒಬ್ಬಳು ತುಂಬು ಬಸುರಿ, ಹೆಸರು ಸಾವಂತ್ರವ್ವ. ಇನ್ನೊಬ್ಬಳು ಅವಳ ತಾಯಿ, ಮಗಳನ್ನು ಹೆರಿಗೆಗೆ ಕರೆದುಕೊಂಡು ಹೊರಟವಳು. ನೆರಳಿಗೆಂದು ಚಪ್ಪರದ ಪಕ್ಕ ಕುಳಿತರು.

ಬಸುರಿಯ ಕಣ್ಣು ಗುಳಿಬಿದ್ದಿತ್ತು, ತುಟಿ ಬಿಳಿಚಿತ್ತು.

"ನಾಲ್ಕು ದಿನ ಆಯಿತಣ್ಣ, ಹೊಟ್ಟೆಯಲ್ಲಿ ಒಂದಗುಳು ನಿಲ್ಲುತ್ತಿಲ್ಲ," ಎಂದಳು ತಾಯಿ. "ಅನ್ನ ಬೇಡ, ಮಜ್ಜಿಗೆ ಬೇಡ. ಹೊಟ್ಟೆಯೊಳಗಿನ ಕೂಸೂ ನಿನ್ನೆಯಿಂದ ಸರಿಯಾಗಿ ಮಿಸುಕಾಡಿಲ್ಲ."

ಸಾವಂತ್ರವ್ವ ಮೇಲೆ ನೋಡುತ್ತಿದ್ದಳು.

"ಎಂಥ ಎಳೆ ಹೀರೆಕಾಯಿ," ಎಂದಳು. ಅಷ್ಟೇ. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಬಾಯಲ್ಲಿ ನೀರೂರಿದ್ದು ತಾಯಿಗೆ ಕಂಡಿತು. ತಾಯಿ ಕಲ್ಲಿನಾಥನ ಕಡೆ ನೋಡಿದಳು.

"ಅದು ಬೀಜಕ್ಕೆ ಬಿಟ್ಟದ್ದು," ಎಂದ ಕಲ್ಲಿನಾಥ. ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿತು.

"ಅಯ್ಯೋ, ಬೇಡಣ್ಣ," ಎಂದಳು ಬಸುರಿ ಕೂಡಲೇ. "ಬೀಜಕ್ಕೆ ಬಿಟ್ಟದ್ದಕ್ಕೆ ಕೈ ಹಚ್ಚಬಾರದು. ಏಳವ್ವ, ಹೋಗೋಣ." ನೆಲಕ್ಕೆ ಕೈಯೂರಿ ಏಳಲು ನೋಡಿದಳು. ಆಗಲಿಲ್ಲ.

ಅಷ್ಟರಲ್ಲಿ ಅವ್ವ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಕೈ ಎತ್ತಿ ಕಾಯಿಯ ತೊಟ್ಟು ಚಿವುಟಿದರು.

ತಡೆಯಲು ಕಲ್ಲಿನಾಥ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಅವ್ವ ತಿರುಳನ್ನು ಪಲ್ಯ ಮಾಡಿದರು. ಸಿಪ್ಪೆಯನ್ನು ಹುರಿದು, ಹುಣಸೆ, ಹಸಿಮೆಣಸು ಹಾಕಿ ಒರಳಲ್ಲಿ ಅರೆದರು. ಸಾವಂತ್ರವ್ವ ಮೊದಲ ತುತ್ತನ್ನು ಹೆದರಿ ಹೆದರಿ ನುಂಗಿದಳು. ಅದು ನಿಂತಿತು. ಎರಡನೆಯದೂ ನಿಂತಿತು. ಎರಡು ರೊಟ್ಟಿ ಮುಗಿಯುವಾಗ ಅವಳು ಥಟ್ಟನೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣರಳಿಸಿದಳು.

"ಒದ್ದಿತವ್ವಾ!"

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಲ್ಲಿನಾಥ ಹಿತ್ತಲಿಗೆ ಹೋಗಿ ಖಾಲಿ ಬಳ್ಳಿಯ ಮುಂದೆ ನಿಂತ.

ಅವರು ಹೊರಟುಹೋದ ಮೇಲೆ ಅವ್ವ ಅಲ್ಲಿಗೆ ಬಂದರು.

"ಮುಗಿಯಿತು, ಅವ್ವಾ. ಗುರುಗಳ ಬೀಜ ಮುಗಿಯಿತು. ನಿಮ್ಮ ಕೈಯಿಂದಲೇ."

"ಎರಡು ಬೀಜ ಕಣ್ಣೆದುರಿಗಿದ್ದವು, ಕಲ್ಲಿನಾಥಾ. ಒಂದು ಹಸಿದಿತ್ತು."

ಅವನ ಬಾಯಿಂದ ಗಡಿಗೆಯ ಮಾತು ತಾನಾಗಿ ಹೊರಬಂತು. ಅವಸರದ ಮಾತು, ಮುದುಕಿಗೆ ಹೇಳಿದ ಸುಳ್ಳು, ಬೂಷ್ಟಿನ ಮುದ್ದೆ, ಎಲ್ಲ.

"ನಿಮ್ಮ ಕೈಯಿಂದಲ್ಲ, ಅವ್ವಾ. ನಾನೇ ಕೊಂದೆ. ತಪ್ಪನ್ನು ಮಳೆಯ ಮೇಲೆ ಹಾಕಿದೆ."

"ವಾಸನೆ ನನಗೂ ಬಂದಿತ್ತು."

"ಗೊತ್ತಿದ್ದೂ ಸುಮ್ಮನಿದ್ದಿರಾ?"

ಅವ್ವ ಒಳಗೆ ಹೋಗಿ ಒಂದು ಹಳೆಯ ಜೋಳಿಗೆ ತಂದು ಅವನ ಹೆಗಲಿಗೆ ಹಾಕಿದರು.

"ಹೋಗಿ ಬೇಡಿಕೊಂಡು ಬಾ."

"ಏನನ್ನು?"

"ಹೀರೆ ಬೀಜವನ್ನು."

"ಯಾರ ಹತ್ತಿರ?"

"ಹಿತ್ತಲಿರುವವರ ಹತ್ತಿರ."

"ಏನೆಂದು ಬೇಡಲಿ, ಅವ್ವಾ?"

"ನನ್ನ ಹತ್ತಿರ ಇಲ್ಲ ಎಂದು ಬೇಡು. ಅದು ನಿಜವಾದ ಮಾತು."

ಹೊಳೆ ದಾಟಿದರೆ ಮೊದಲ ಊರು. ಮೊದಲ ಮನೆಯ ಮುಂದೆ ನಿಂತಾಗ ಕಲ್ಲಿನಾಥ ಜೋಳಿಗೆಯನ್ನು ಬೆನ್ನ ಹಿಂದೆ ಸರಿಸಿದ. ಜೀವಮಾನದಲ್ಲಿ ಅವನು ಅಳೆದು ಕೊಟ್ಟಿದ್ದನೇ ಹೊರತು ಕೈ ಒಡ್ಡಿದವನಲ್ಲ. ಬಾಗಿಲಿಗೆ ಬಂದವಳನ್ನು ನೋಡಿದ ಮೇಲಂತೂ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಯಾತ್ರೆಯಲ್ಲಿ ಬಂದಿದ್ದ ಅದೇ ಮುದುಕಿ.

"ಏನು ಸ್ವಾಮಿ?"

"ಹೀರೆ ಬೀಜ... ನನ್ನ ಹತ್ತಿರ ಇಲ್ಲ."

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಒಳಗೆ ಹೋಗಿ ಒಲೆಯ ಮೇಲೆ ನೇತುಹಾಕಿದ್ದ ಒಣ ಹೀರೆಯೊಂದನ್ನು ತಂದು ಪೂರ್ತಿ ಅವನ ಜೋಳಿಗೆಗೆ ಸುರಿದಳು.

"ಹೋದ ವರ್ಷ ನೀವು ಇಲ್ಲ ಅಂದಿರಿ. ನಾದಿನಿಯ ಊರಿಗೆ ಹೋಗಿ ಇಸಕೊಂಡು ಬಂದೆ. ಸಾಕಾ, ಇನ್ನೊಂದು ಬೇಕಾ?"

ಅವನು ಹಿತ್ತಲ ಕಡೆ ನೋಡಿದ. ಬೇಲಿಯ ಉದ್ದಕ್ಕೂ ಹೀರೆ. ಪ್ರತಿ ಕಾಯಿಯ ಏಣಿನ ಮೇಲೂ ಬಿಳಿ ಗೆರೆ.

"ಇದಕ್ಕೆ ಏನನ್ನುತ್ತೀರಿ, ತಾಯಿ?"

"ನಾದಿನಿ ಹೀರೆ ಅಂತೀನಿ. ಅವಳು ಕೊಟ್ಟದ್ದಲ್ಲವಾ?"

ನಾದಿನಿಯ ಊರಿಗೆ ಹೋದ. ಅಲ್ಲಿ ಅದು ಬಳೆಗಾರನ ಹೀರೆ. ಬಳೆಗಾರನ ಊರಲ್ಲಿ ಅದು ತವರು ಹೀರೆ. ಕುಂಬಾರರ ಕೇರಿಯಲ್ಲಿ ಆವಿಗೆಯ ಬೆಚ್ಚಗಿನ ಗೋಡೆ ಹಿಡಿದು ಏರಿತ್ತು. ದರ್ಗಾದ ಹಿಂದೆ ಫಕೀರನೊಬ್ಬ ನೀರೆರೆಯುತ್ತಿದ್ದ. ಸುಡುಗಾಡಿನ ಬೇಲಿಯ ಮೇಲೂ ಅದು ಹಬ್ಬಿತ್ತು. ಅಲ್ಲಿ ಯಾರು ನೆಟ್ಟರೆಂದು ಯಾರಿಗೂ ಗೊತ್ತಿರಲಿಲ್ಲ. ಒಂದೂರಲ್ಲಿ ಕಾಯಿ ಮೊಳದುದ್ದ, ಇನ್ನೊಂದೂರಲ್ಲಿ ಗೇಣುದ್ದ. ಕೆಂಪು ಮಣ್ಣಿನಲ್ಲಿ ಗಿಡ್ಡ, ಕಪ್ಪು ಮಣ್ಣಿನಲ್ಲಿ ಸೊಕ್ಕಿದ ಹಂಬು. ಬಿಳಿ ಗೆರೆ ಮಾತ್ರ ಎಲ್ಲೂ ತಪ್ಪಿರಲಿಲ್ಲ.

ಮೊದಮೊದಲು ಅವನು ಹೇಳುತ್ತಿದ್ದ, "ಇದು ನಮ್ಮ ನೀಲವ್ವತಾಯಿಯ ಆಶ್ರಮದ ಹೀರೆ." ಜನ ಹೌದಾ ಎನ್ನುತ್ತಿದ್ದರು. ನಡೆಯುತ್ತ ನಡೆಯುತ್ತ ಆ ಹೆಸರು ಕೇಳಿದವರೇ ಇಲ್ಲದ ಊರುಗಳು ಬಂದವು. ಹೀರೆ ಅಲ್ಲೂ ಇತ್ತು. ಅವನು ಹೇಳುವುದನ್ನು ಬಿಟ್ಟ.

ಇಪ್ಪತ್ತು ದಿನ ನಡೆದ ಮೇಲೆ ಒಂದು ಗುಡ್ಡದ ಊರು. ಹಗ್ಗ ಹೊಸೆಯುತ್ತಿದ್ದ ಹೊಂಬಳವ್ವ ಎಂಬ ಅಜ್ಜಿ ಅವನಿಗೆ ಬೀಜ ಕೊಟ್ಟಳು.

"ಎಲ್ಲಿಯವನಪ್ಪ ನೀನು?"

"ಹೊಳೆಯ ಕಡೆಯವನು, ಅಜ್ಜಿ. ಅಲ್ಲೊಂದು ಆಶ್ರಮ ಇದೆ."

"ಹೊಳೆಯ ಕಡೆಗೂ ಇದು ಇಲ್ಲಿಂದಲೇ ಹೋದದ್ದು," ಎಂದಳು ಅಜ್ಜಿ, ಹಗ್ಗದಿಂದ ಕಣ್ಣು ತೆಗೆಯದೆ. "ನಮ್ಮ ಮುತ್ತಜ್ಜಿ ಹೇಳುತ್ತಿದ್ದಳು. ಹರಕು ಶಲ್ಯ ಹೊದ್ದ ಒಬ್ಬ ಸ್ವಾಮಿ ಬಂದಿದ್ದನಂತೆ. ಹಸಿದಿದ್ದ. ಹೀರೆಕಾಯಿ ಪಲ್ಯದ ಊಟ ಹಾಕಿದಳಂತೆ. ಹೋಗುವಾಗ ನಾಚುತ್ತ ನಾಚುತ್ತ ಬೀಜ ಕೇಳಿದನಂತೆ. ಶಲ್ಯದ ತುದಿಗೆ ಕಟ್ಟಿ ಕೊಟ್ಟಳಂತೆ."

ಕಲ್ಲಿನಾಥ ಜೋಳಿಗೆ ಇಳಿಸಿ ಅಜ್ಜಿಯ ಮುಂದೆ ಕುಳಿತ.

"ನಿಮ್ಮ ಮುತ್ತಜ್ಜಿಗೆ ಯಾರು ಕೊಟ್ಟರು, ಅಜ್ಜಿ?"

"ತವರಿನವರು."

"ತವರಿನವರಿಗೆ?"

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. "ಒಳ್ಳೆಯವನು ನೀನು! ತವರಿಗೂ ಒಂದು ತವರು ಇರುವುದಿಲ್ಲವೇ?"

ಹೊತ್ತು ಇಳಿಯುತ್ತಿತ್ತು. ಕಲ್ಲಿನಾಥ ಊರ ಮೇಲಿನ ಬಂಡೆಯ ತನಕ ಹತ್ತಿ ತಿರುಗಿ ನೋಡಿದ.

ಕೆಳಗೆ ನೂರು ಮನೆಗಳಿರಬಹುದು. ಮಾಡು, ಬೇಲಿ, ಹಟ್ಟಿ, ಎಲ್ಲದರ ಮೇಲೂ ಹಂಬು. ಬಿಸಿಲು ಆರಿದ ಕೂಡಲೇ ಒಂದು ಮನೆಯ ಮೇಲೆ ಹಳದಿ ಮೂಡಿತು. ಪಕ್ಕದ ಮನೆಯ ಮೇಲೆ ಮೂಡಿತು. ಆಚೆ ಕೇರಿಯಲ್ಲಿ ಮೂಡಿತು. ಗಾಳಿಯಿಲ್ಲ, ಸದ್ದಿಲ್ಲ. ಯಾರೂ ಕರೆಯಲಿಲ್ಲ, ಯಾರೂ ಅಪ್ಪಣೆ ಕೊಡಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಎಂಬಂತೆ ಇಡೀ ಊರು ಅರಳಿ ನಿಂತಿತು.

ಅದರಾಚೆ ಇನ್ನೊಂದು ಊರು. ಅಲ್ಲೂ ಅದೇ ಹಳದಿ, ಮಸುಕು ಮಸುಕಾಗಿ. ಅದರಾಚೆಯದು ಕಣ್ಣಿಗೆ ಎಟುಕಲಿಲ್ಲ.

ಅವನಿಗೆ ತನ್ನ ಗಡಿಗೆ ನೆನಪಾಯಿತು. ಇದನ್ನು ತಾನು ಒಂದು ಮೂಲೆಯಲ್ಲಿ ಹೂತು ಉಳಿಸಲು ಹೊರಟಿದ್ದ. ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಬಂಡೆಯ ಪಕ್ಕದ ಹಸಿಮಣ್ಣಿನಲ್ಲಿ ಅವನು ಉದ್ದಕ್ಕೆ ಅಡ್ಡಬಿದ್ದ.

ಸೌದೆ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ನಿಂತಳು.

"ಇಲ್ಲಿ ಗುಡಿ ಇಲ್ಲವಲ್ಲಪ್ಪ. ಯಾರಿಗೆ ಅಡ್ಡಬಿದ್ದೆ?"

ಕಲ್ಲಿನಾಥ ಹಣೆಯ ಮಣ್ಣು ಒರೆಸಿಕೊಂಡು ಎದ್ದ.

ಮರಳುವಾಗ ಜೋಳಿಗೆ ಹೆಗಲು ಜಗ್ಗುವಷ್ಟು ತುಂಬಿತ್ತು. ದಾರಿಯಲ್ಲಿ ಹೊಸದಾಗಿ ಗುಡಿಸಲು ಹಾಕಿಕೊಂಡ ದಂಪತಿ ಕೇಳಿದರು. ಕುರಿ ಕಾಯುವವನೊಬ್ಬ, ತನಗೆ ಹಿತ್ತಲಿಲ್ಲ, ಆದರೂ ಕೊಡಿ ಎಂದ. ಸಂತೆಗೆ ಹೊರಟ ಹೆಂಗಸರು ಸೆರಗೊಡ್ಡಿದರು. ಮೊದಲ ಹಿಡಿ ಕೊಡುವಾಗ ಅವನ ಬೆರಳು ಒಂದು ಕ್ಷಣ ಬಿಗಿಯಿತು. ಆಮೇಲೆ ಬಿಗಿಯಲಿಲ್ಲ.

ಆಶ್ರಮ ಮುಟ್ಟಿದಾಗ ಅವ್ವ ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತಿದ್ದರು.

"ಎಷ್ಟು ತಂದೆ?"

"ಒಂದು ಹಿಡಿ, ಅವ್ವಾ. ಉಳಿದದ್ದನ್ನು ದಾರಿಯಲ್ಲಿ ಕೇಳಿದರು."

ಅವ್ವ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅವನು ಕುಳಿತ. ಇಬ್ಬರೂ ಸ್ವಲ್ಪ ಹೊತ್ತು ಕಳೆ ಕಿತ್ತರು. ಕೀಳುತ್ತ ಕೀಳುತ್ತ ಅವನು ಗುಡ್ಡದ ಊರಿನ ಮಾತು ಹೇಳಿದ. ನೂರು ಮಾಡಿನ ಮೇಲೆ ಒಟ್ಟಿಗೆ ಹೂ ಅರಳಿದ್ದನ್ನು ಹೇಳುವಾಗ ಅವನ ಕೈ ನಿಂತಿತು. ಅವ್ವನ ಕೈಯೂ ನಿಂತಿತು.

"ಹಸಿಮಣ್ಣಿಗೆ ಹಣೆ ಹಚ್ಚಿ ಅಡ್ಡಬಿದ್ದೆ, ಅವ್ವಾ. ಯಾರಿಗೆ ಎಂದು ಒಬ್ಬಳು ಕೇಳಿದಳು. ನನಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ. ನೀವಾದರೂ ಹೇಳಿ, ನಾನು ಅಡ್ಡಬಿದ್ದದ್ದು ಯಾರಿಗೆ?"

"ಮಣ್ಣು ಹಸಿಯಾಗಿತ್ತು ಅಂದೆಯಾ?"

"ಹೌದು, ಅವ್ವಾ. ಹದವಾಗಿತ್ತು."

"ಅಷ್ಟು ಕೆಳಗೆ ಬಗ್ಗಿದ್ದೆಯಲ್ಲಪ್ಪ," ಎಂದರು ಅವ್ವ, "ಒಂದು ಬೀಜ ಊರಿ ಏಳಬಾರದಿತ್ತೇ?"